ಕುದುರೆಮುಖದ ದಾರಿಗೆ ನಮ್ಮದೇ ಕಾರು ಬೇಕೇ?

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್, ಅಂದರೆ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ. ಅಲ್ಲಿಂದ ಒಂದು ದಾರಿ ಕೆರೆಕಟ್ಟೆಯ ಮೇಲೆ ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೇಲೆ ಕಳಸಕ್ಕೆ. ಎರಡೂ ಹಾಯುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ. ಪ್ರವಾಸಿಗರು ತಮ್ಮದೇ ವಾಹನದಲ್ಲಿ, ಮಾರ್ಗದರ್ಶಿಯ ಹಂಗಿಲ್ಲದೆ, ನೋಡಿಕೊಂಡು ಹೋಗಲು ಬಿಡಬೇಕೇ? ಇಲ್ಲಿ ಇಬ್ಬರ ವಾದಗಳಿವೆ.

ಪರ: ಮಂಡಿನೋವಿನವರಿಗೂ ಬೆಟ್ಟ ಕಾಣಲಿ

ಅಮ್ಮನಿಗೆ 74 ವರ್ಷ. ಎರಡೂ ಮಂಡಿಗಳು ಕೈಕೊಟ್ಟಿವೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಬಂದದ್ದು ಎಲ್ಲವೂ ಕಾರ್ಕಳದ ಸುತ್ತಮುತ್ತಲೇ. ಅಂಗಳದಲ್ಲಿ ನಿಂತು ಮೂಡಣಕ್ಕೆ ತಿರುಗಿದರೆ ಘಟ್ಟದ ನೀಲಿ ಗೋಡೆ. ಮಳೆ ಬರುವ ಸೂಚನೆಗೆ, ಹಪ್ಪಳ ಒಣಗಿಸಬಹುದೇ ಎಂದು ತಿಳಿಯುವುದಕ್ಕೆ ಆ ಗೋಡೆಯನ್ನು ದಿನವೂ ನೋಡಿದವಳು. ಅದರ ಮೇಲೆ ಏನಿದೆ ಎಂದು ಮಾತ್ರ ನೋಡಿದವಳಲ್ಲ.

ಆಗಸ್ಟ್‌ನ ಒಂದು ಬುಧವಾರ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದ ಚೀಟಿ ಕೊಟ್ಟರು. ಅಮ್ಮ ಅದನ್ನು ದೇವಸ್ಥಾನದ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೊದಲ ಅರ್ಧ ಗಂಟೆ ಬರೀ ಮಂಜು. ಮುಂದೆ ಹೋಗುವ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ತಿರುವು ಕಳೆಯುತ್ತಲೇ ಪರದೆ ಸರಿದ ಹಾಗೆ ಮಂಜು ಹರಿದು, ಕಣ್ಣು ಹಾಯುವಷ್ಟು ದೂರ ಹಸಿರು ಬೋಳುಗುಡ್ಡಗಳು. ಕದಾಂಬಿ ಜಲಪಾತದ ಬಳಿ ಕಾರಿನ ಗಾಜು ಇಳಿಸಿದೆ. ನೀರಿನ ಸಿಡಿತ ಅವಳ ಕನ್ನಡಕದ ಮೇಲೆ ಬಿತ್ತು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಕೇಳಿದಳು: “ಇದು ಇಷ್ಟು ಹತ್ತಿರ ಇತ್ತೇನೋ?”

ಈ ಪ್ರಶ್ನೆಗೆ ಉತ್ತರ ಕೊಡದವರು ಸ್ವಂತ ವಾಹನ ನಿಷೇಧಿಸಿ ಎನ್ನಬಾರದು. ಶಿಖರಕ್ಕೆ ಚಾರಣ ಹೋಗುವವರಿಗೆ ಕಾಲಿನಲ್ಲಿ ಕಸುವಿದೆ. ಅವರು ಆನ್‌ಲೈನ್‌ನಲ್ಲಿ ಕಾಯ್ದಿರಿಸಿ, ಹಣ ಕಟ್ಟಿ ಹೋಗುತ್ತಾರೆ. ನಡೆಯಲಾರದವರಿಗೆ ಇರುವುದು ಈ ರಸ್ತೆ ಒಂದೇ. ಬಸ್ಸಿನಲ್ಲಿ ಹೋಗಲಿ ಎನ್ನಬಹುದು. ಮಂಜು ಸರಿಯುವವರೆಗೆ ಬಸ್ಸು ಕಾಯುತ್ತದೆಯೇ?

ಸಫಾರಿಗೂ ಇದಕ್ಕೂ ವ್ಯತ್ಯಾಸವಿದೆ. ಸಫಾರಿಯಲ್ಲಿ ಎಲ್ಲರ ಕಣ್ಣೂ ಹುಲಿಗಾಗಿ. ಹುಲಿ ಕಾಣದಿದ್ದರೆ ದುಡ್ಡು ದಂಡ. ಕುದುರೆಮುಖದಲ್ಲಿ ನೋಡಬೇಕಾದದ್ದು ನೆಲವನ್ನೇ. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಕಪ್ಪುಹಸಿರು ಕಾಡು. ಅದೇ ಶೋಲಾ. ಮಣ್ಣು ಆಳವಿದ್ದು ತೇವ ನಿಲ್ಲುವ, ಗಾಳಿ ಅಷ್ಟಾಗಿ ತಾಗದ ಕಡೆ ಮರ ಬೇರೂರಿದೆ. ಈ ವಿನ್ಯಾಸ ಅರ್ಥವಾಗಬೇಕಾದರೆ ಕಾಡಿನೊಳಗೆ ನುಗ್ಗಬೇಕಿಲ್ಲ. ದೂರದಿಂದ, ಸಾವಕಾಶವಾಗಿ ನೋಡಬೇಕು. ಅದಕ್ಕೆ ರಸ್ತೆಯೇ ಸರಿಯಾದ ಜಾಗ.

ನೀರಿನ ಕತೆಯೂ ಹಾಗೆಯೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಗಂಗಾಮೂಲದಲ್ಲಿ ಎಂದು ಜನ ನಂಬುತ್ತಾರೆ, ಅದು ಇದೇ ದಾರಿಯ ಆಸುಪಾಸಿನಲ್ಲಿದೆ. ಒಂದು ಮಗ್ಗುಲಿನ ಮಳೆ ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಮಗ್ಗುಲಿನದು ಕೂಡಲಿಯಲ್ಲಿ ತುಂಗಭದ್ರೆಯಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ. ಕಾರಿನಲ್ಲಿ ಕೂತವನು ಗೊತ್ತಿಲ್ಲದೆಯೇ ಆ ಗೆರೆ ದಾಟುತ್ತಾನೆ. ಅಲ್ಲೊಂದು ಕನ್ನಡ ಫಲಕ ನೆಟ್ಟರೆ ಮಾರ್ಗದರ್ಶಿಯ ಅರ್ಧ ಕೆಲಸ ಮುಗಿಯಿತು.

ಅಮೆರಿಕದ ಕೊಲೊರಾಡೊದಲ್ಲಿರುವ ನನ್ನ ತಂಗಿ, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಟ್ರೇಲ್ ರಿಡ್ಜ್ ರಸ್ತೆಯಲ್ಲಿ ಅತ್ತೆ ಮಾವನನ್ನು ಕರೆದೊಯ್ದಿದ್ದಳು. ಆ ರಸ್ತೆ 3,700 ಮೀಟರಿಗೂ ಎತ್ತರಕ್ಕೆ, ಮರಗಳೇ ಬೆಳೆಯದಲ್ಲಿಗೆ ಏರುತ್ತದೆ. ನಡುನಡುವೆ ವಾಹನ ನಿಲ್ಲಿಸಲು ಜಾಗ, ನಿಂತಲ್ಲಿ ಎದುರಿಗೆ ಏನಿದೆ ಎಂದು ಹೇಳುವ ಫಲಕ. ನಮ್ಮಲ್ಲಿ ಇಲ್ಲದಿರುವುದು ಇಷ್ಟೇ, ಬೆಟ್ಟವೇನೂ ಕಡಿಮೆಯಿಲ್ಲ.

ಇನ್ನು, ರಸ್ತೆ ಹೇಗೂ ಇದೆ. ಶೃಂಗೇರಿಯ ಕವಲು 169ನೇ ರಾಷ್ಟ್ರೀಯ ಹೆದ್ದಾರಿ. ಲಾರಿ ಹೋಗುತ್ತದೆ, ಬಸ್ಸು ಹೋಗುತ್ತದೆ. ಇದೇ ಉದ್ಯಾನದ ಮಗ್ಗುಲಲ್ಲಿ 2005ರ ಕೊನೆಯವರೆಗೆ ಗಣಿ ಅಗೆದು, ಅದಿರನ್ನು ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಅಷ್ಟನ್ನೂ ತಾಳಿಕೊಂಡ ಬೆಟ್ಟಕ್ಕೆ ನನ್ನ ಅಮ್ಮ ಭಾರವಾದಳೇ?

ವಿರೋಧ: ಚೀಟಿಯ ಹಿಂದಿನ ಓಟ

ನಾನು ಕಳಸದವಳು. ಕಾರ್ಕಳ, ಮಂಗಳೂರಿಗೆ ವರ್ಷಕ್ಕೆ ಇಪ್ಪತ್ತು ಸಲವಾದರೂ ಈ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಚಾಲಕನ ಹಿಂದಿನ ಸೀಟು ಸಿಕ್ಕರೆ ಬಿಡುವುದಿಲ್ಲ. ಅಲ್ಲಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ರಸ್ತೆಯಲ್ಲಿರುವವರು ಇನ್ನೂ ಚೆನ್ನಾಗಿ ಕಾಣುತ್ತಾರೆ.

ಮೊದಲು ಆ ಚೀಟಿಯ ಮಾತು. ಉದ್ಯಾನದೊಳಗೆ ಯಾರೂ ಬಿಡಾರ ಹೂಡಬಾರದು, ನಿಗದಿತ ಸಮಯದೊಳಗೆ ಆಚೆ ಚೆಕ್‌ಪೋಸ್ಟ್ ಸೇರಬೇಕು ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಆಗುತ್ತಿರುವುದು ಬೇರೆ. ಜಲಪಾತದ ಎದುರು ನಲವತ್ತು ನಿಮಿಷ ಫೋಟೊ ತೆಗೆಸಿಕೊಂಡವರು ಗಡಿಯಾರ ನೋಡಿ ಬೆಚ್ಚಿಬೀಳುತ್ತಾರೆ. ಉಳಿದ ದಾರಿಯನ್ನು ಉಸಿರು ಬಿಗಿಹಿಡಿದು ಓಡಿಸುತ್ತಾರೆ. ಕಾಡನ್ನು ಕಾಯಲೆಂದು ಕೊಟ್ಟ ಕಾಗದವೇ ಕಾಡಿನೊಳಗೆ ವೇಗ ಹೆಚ್ಚಿಸುತ್ತಿದೆ. ಬಸ್ಸಿನ ಚಾಲಕರಿಗೆ ಇದು ಗೊತ್ತು. ಹಿಂದಿನಿಂದ ದೀಪ ಮಿಣುಕಿಸುವ ಕಾರು ಕಂಡರೆ ‘ಚೀಟಿ ಪಾರ್ಟಿ’ ಎನ್ನುತ್ತಾರೆ.

ಆ ವೇಗದ ಅಡಿಗೆ ಸಿಗುವುದು ಯಾವುದು? ಕಾಟಿ, ಕಡವೆಗಳಾದರೆ ಸುದ್ದಿಯಾಗುತ್ತವೆ. ಮಳೆಗಾಲದ ಸಂಜೆ ಟಾರಿನ ಮೇಲೆ ಕೂತ ಕಪ್ಪೆ ಸತ್ತರೆ ಅಳುವವರಿಲ್ಲ. ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ಹೋದರೆ ರಸ್ತೆಗೆ ಅಂಟಿಕೊಂಡ ಸಣ್ಣ ಸಣ್ಣ ಚರ್ಮಗಳು ಕಾಣುತ್ತವೆ. ಮಧ್ಯಾಹ್ನದ ಹೊತ್ತಿಗೆ ಮಳೆ ತೊಳೆದಿರುತ್ತದೆ, ಪ್ರವಾಸಿಗರು ಬರುವಾಗ ದಾರಿ ಸ್ವಚ್ಛ.

ಸಿಂಗಳೀಕದ ಕಷ್ಟ ಇನ್ನೊಂದು ಬಗೆಯದು. ಅದು ಮರದ ಮೇಲಿನ ಜೀವ, ನೆಲಕ್ಕೆ ಇಳಿಯುವುದು ಅಪರೂಪ. ರಸ್ತೆಯ ಎರಡು ಬದಿಯ ಕೊಂಬೆಗಳು ಮೇಲೆ ಕೈಕೈ ಹಿಡಿದಿರುವ ಕಡೆ ಮಾತ್ರ ಅದಕ್ಕೆ ದಾರಿ. ವಾಹನ ನಿಲ್ಲಿಸಲು ಜಾಗ ಮಾಡಿ, ಫಲಕ ನೆಡಿ ಎನ್ನುವವರು ಆ ಜಾಗಕ್ಕಾಗಿ ಯಾವ ಮರ ಕಡಿಯಬೇಕು ಎಂದೂ ಹೇಳಲಿ. ಈಗಂತೂ ನಿಲ್ಲಿಸಲು ಜಾಗವಿಲ್ಲದೆ ತಿರುವಿನಲ್ಲೇ ನಿಲ್ಲಿಸುತ್ತಾರೆ. ಕಿಟಕಿಯಿಂದ ಚಿಪ್ಸ್ ಪೊಟ್ಟಣ ಚಾಚುತ್ತಾರೆ. ಅದಕ್ಕಾಗಿ ಸಾಮಾನ್ಯ ಮಂಗಗಳು ರಸ್ತೆಯ ಅಂಚಿನಲ್ಲಿ ಕಾದು ಕೂರುವುದನ್ನು ಕಲಿತಿವೆ.

ನಡೆಯಲಾರದ ಹಿರಿಯರ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಅವರು ಬರಲೇಬೇಕು. ಆದರೆ ಆಗಸ್ಟ್‌ನ ಬುಧವಾರವನ್ನು ಇಟ್ಟುಕೊಂಡು ಭಾನುವಾರದ ವಾದ ಮಾಡುವುದು ಸರಿಯಲ್ಲ. ಬುಧವಾರ ಈ ದಾರಿಯಲ್ಲಿ ನನಗೂ ಕಾರುಗಳ ಮೇಲೆ ಮುನಿಸಿಲ್ಲ.

ಅಮೆರಿಕದ ಉದಾಹರಣೆ ಕೊಡುವವರು ಅದನ್ನು ಪೂರ್ತಿ ಕೊಡಬೇಕು. ಅದೇ ರಾಕಿ ಮೌಂಟನ್ ಉದ್ಯಾನದಲ್ಲಿ 2020ರಲ್ಲಿ ಪ್ರವೇಶಕ್ಕೆ ಮೊದಲೇ ಸಮಯ ಕಾಯ್ದಿರಿಸುವ ಪದ್ಧತಿ ಬಂತು. ಯೂಟಾ ರಾಜ್ಯದ ಜಯಾನ್ ಉದ್ಯಾನದ ಕಣಿವೆಯಲ್ಲಿ 2000ದಿಂದ ವರ್ಷದ ಹೆಚ್ಚಿನ ತಿಂಗಳು ಉದ್ಯಾನದ ಬಸ್ಸೇ ಗತಿ, ಸ್ವಂತ ಕಾರಿಗೆ ಬಾಗಿಲು ಮುಚ್ಚಿದೆ. ಅಷ್ಟು ದೂರವೂ ಬೇಡ. ಊಟಿಗೆ ಹೋಗಲು 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು. ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಷೇಧವಾದದ್ದು 2009ರಲ್ಲಿ. ಆಗಲೂ ಹೆದ್ದಾರಿಯಲ್ಲವೇ, ಲಾರಿ ಹೋಗಬೇಡವೇ ಎಂಬ ಇದೇ ಪ್ರಶ್ನೆ ಎದ್ದಿತ್ತು.

ನನ್ನ ಬೇಡಿಕೆ ಸಣ್ಣದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ, ಭಾನುವಾರ, ರಜಾದಿನಗಳಲ್ಲಿ ಪ್ರವಾಸಿಗರ ಕಾರು ಮಾಳದಲ್ಲೋ ಕಳಸದಲ್ಲೋ ನಿಲ್ಲಲಿ. ಅಲ್ಲಿಂದ ಇಪ್ಪತ್ತು ಸೀಟಿನ ಸಣ್ಣ ಬಸ್ಸು, ಹತ್ತಲು ತಗ್ಗಿನ ಮೆಟ್ಟಿಲು, ಜೊತೆಗೆ ಊರಿನ ಒಬ್ಬ ಹುಡುಗನೋ ಹುಡುಗಿಯೋ. ಮಂಜಿದ್ದರೆ ಆ ಬಸ್ಸು ಕಾಯಲಿ, ಅದಕ್ಕೇನು ವೇಳಾಪಟ್ಟಿಯ ಶಾಪವಿಲ್ಲ. ಊರಿನವರ ವಾಹನ, ಸರಕು, ಆಂಬುಲೆನ್ಸ್ ಎಂದಿನಂತೆ ಓಡಾಡಲಿ. ಕಳಸದಿಂದ ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ಯುವವರಿಗೆ ಇದು ಚೆಂದದ ದಾರಿಯಲ್ಲ, ಆಸ್ಪತ್ರೆಯ ದಾರಿ.

ಕಳೆದ ಜುಲೈನ ಒಂದು ಭಾನುವಾರ ಕದಾಂಬಿಯ ಬಳಿ ಎರಡೂ ಬದಿಗೆ ಕಾರುಗಳು ನಿಂತು ನಮ್ಮ ಬಸ್ಸು ನಡುವೆ ಸಿಕ್ಕಿಕೊಂಡಿತು. ಇಪ್ಪತ್ತು ನಿಮಿಷ ಕಳೆದರೂ ಅಲುಗಾಡುವ ಲಕ್ಷಣವಿಲ್ಲ. ಚಾಲಕ ಬೇಸತ್ತು ಎಂಜಿನ್ ಆರಿಸಿದ. ಆಗ ಜಲಪಾತದ ಸದ್ದಿನ ಮೇಲಿನಿಂದ ಒಂದು ಸಿಳ್ಳೆ ಕೇಳಿತು, ಶಾಲೆಗೆ ಚಕ್ಕರ್ ಹೊಡೆದ ಹುಡುಗ ಹಾಡು ಪೂರ್ತಿ ಬಾರದೆ ಗುನುಗುವ ಹಾಗೆ. ಸಿಳ್ಳಾರ ಹಕ್ಕಿ. ಕಂಡಕ್ಟರ್ ಟಿಕೆಟ್ ಎಣಿಸುವುದನ್ನು ನಿಲ್ಲಿಸಿ ತಲೆಯೆತ್ತಿದ, ಪಕ್ಕದ ಸೀಟಿನ ಅಜ್ಜಿ ನನ್ನ ಕೈ ತಟ್ಟಿ ಕಾಡಿನತ್ತ ಬೆರಳು ತೋರಿಸಿದರು. ಎರಡನೆಯ ಸಲ ಅದು ಶುರುಮಾಡಿತ್ತಷ್ಟೇ, ಹಿಂದಿನ ಕಾರಿನವನು ಹಾರ್ನ್ ಒತ್ತಿದ.