ಎಲಿಸೆಗೆ ರಿವರ್ಸ್ ಗೇರ್

ಪಿಯಾನೊ ಕಲಿಯಲು ಹಿಂದಿನವರು ಹತ್ತು ವರ್ಷ ವ್ಯರ್ಥ ಮಾಡುತ್ತಿದ್ದರು. ಈಗ ಹತ್ತು ನಿಮಿಷ ಸಾಕೆಂದು ಮೊಬೈಲಿನ ಜಾಹೀರಾತುಗಳು ಹೊತ್ತು ಗೊತ್ತಿಲ್ಲದೆ ಭರವಸೆ ಕೊಡುತ್ತವೆ. ಸ್ವರಲಿಪಿ ಓದಬೇಕಾಗಿಲ್ಲ, ತಾಳ ಎಣಿಸಬೇಕಾಗಿಲ್ಲ, ಗುರುಗಳ ಮುಖ ನೋಡಬೇಕಾಗಿಲ್ಲ. ಪರದೆಯ ಮೇಲ್ಭಾಗದಿಂದ ಹಸಿರು, ನೀಲಿ ಬಣ್ಣದ ಪಟ್ಟಿಗಳು ಒಂದರ ಹಿಂದೊಂದು ಕೆಳಗಿಳಿಯುತ್ತವೆ. ಯಾವ ಪಟ್ಟಿ ಯಾವ ಕೀಲಿಯನ್ನು ತಾಗುತ್ತದೆಯೋ ಆ ಕೀಲಿಯನ್ನು ಆ ಕ್ಷಣದಲ್ಲಿ ಒತ್ತಿದರೆ ಸಂಗೀತ ತಾನಾಗಿಯೇ ಸಂಭವಿಸುತ್ತದೆ. ಕಿವಿಯ ಕೆಲಸವನ್ನು ಕಣ್ಣಿಗೆ ವರ್ಗಾಯಿಸಿರುವುದರಿಂದ ಕಿವಿಗೆ ಪೂರ್ಣ ವಿಶ್ರಾಂತಿ ಸಿಕ್ಕಿದೆ. ಆ ಭಾಗ್ಯ ನೆರೆಮನೆಯವರ ಕಿವಿಗೆ ಇಲ್ಲವೆಂಬುದಷ್ಟೇ ಕೊರತೆ.

ಈ ವಿಧಾನಕ್ಕೆ ಮೊದಲು ಸಿಕ್ಕಿಬೀಳುವ ಜನಪ್ರಿಯ ಕೃತಿ ಬಹುಮಟ್ಟಿಗೆ ಬೀಥೋವನ್‌ನ ‘ಫ್ಯೂರ್ ಎಲಿಸೆ’, ಅಂದರೆ ‘ಎಲಿಸೆಗಾಗಿ’. ಅದರ ಆರಂಭವನ್ನು ಕೇಳದವರಿಲ್ಲ. ಇ, ಡಿ ಶಾರ್ಪ್, ಇ, ಡಿ ಶಾರ್ಪ್, ಇ, ಬಿ, ಡಿ, ಸಿ, ಎ: ಒಟ್ಟು ಒಂಬತ್ತು ಸ್ವರ, ಅವುಗಳಿಗೆ ಬೇಕಾದ ಕೀಲಿಗಳು ಆರೇ ಆರು. ಮೊದಲ ಎಂಟು ಸ್ವರಗಳನ್ನು ಬಲಗೈಯೊಂದೇ ನುಡಿಸುತ್ತದೆ; ಒಂಬತ್ತನೆಯ ಸ್ವರಕ್ಕೆ ಸರಿಯಾಗಿ ಎಡಗೈ ತಗ್ಗುಸ್ಥಾಯಿಯ ಎ ಸ್ವರದಿಂದ ಪ್ರವೇಶಿಸಿ ಮೇಲಕ್ಕೆ ಹತ್ತಿಬಂದು, ಬಲಗೈಗೆ ಉತ್ತರ ಕೊಡುವಂತೆ ಅವನು ಬರೆದಿಟ್ಟಿದ್ದಾನೆ. ನಮ್ಮವರ ಕಲಿಕೆ ಸಂಪೂರ್ಣವಾಗುವುದು ಕರಾರುವಾಕ್ಕಾಗಿ ಅದೇ ಬಿಂದುವಿನಲ್ಲಿ. ಎಡಗೈಯನ್ನು ಸೋಮಾರಿಯೆಂದು ಯಾರೂ ಜರೆಯುವಂತಿಲ್ಲ, ಏಕೆಂದರೆ ಆ ಹೊತ್ತಿಗೆ ಅದು ಮೊಬೈಲ್ ಹಿಡಿದು ಬಲಗೈಯ ಸಾಧನೆಯನ್ನು ಚಿತ್ರೀಕರಿಸುತ್ತಿರುತ್ತದೆ. ಹೀಗೆ ಚಿತ್ರಿಸಿದ ತುಣುಕು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಗಿ, ಅಲ್ಲಿ ದೊಡ್ಡಪ್ಪ, ಚಿಕ್ಕಮ್ಮಂದಿರ ಚಪ್ಪಾಳೆಯ ಚಿಹ್ನೆಗಳನ್ನು ಗಳಿಸಿಕೊಂಡ ಮೇಲೆ ಮಗು ಪಿಯಾನೊ ಕಲಿತಂತೆಯೇ ಲೆಕ್ಕ.

ಆ ಕೃತಿಯಲ್ಲಿ ಮುಂದೆ ಇನ್ನೂ ಬಹಳಷ್ಟಿದೆ ಎಂಬ ಸುದ್ದಿ ಏತಕ್ಕೋ ಹರಡಲೇ ಇಲ್ಲ. ಎಲ್ಲರಿಗೂ ಪರಿಚಿತವಾದ ಭಾಗ ಒಟ್ಟು ಮೂರು ಸಲ ಬರುತ್ತದೆ. ಆ ಮೂರರ ನಡುವೆ ಎರಡು ಬೇರೆ ಭಾಗಗಳಿವೆ. ಒಂದು ಎಫ್ ಮೇಜರ್‌ನಲ್ಲಿ ನಗುನಗುತ್ತ ಆರಂಭವಾಗಿ, ಬೆರಳುಗಳು ಒಂದಕ್ಕೊಂದು ತೊಡರಿಕೊಳ್ಳುವ ವೇಗಕ್ಕೆ ಏರುತ್ತದೆ. ಇನ್ನೊಂದರಲ್ಲಿ ಎಡಗೈ ತಗ್ಗಿನ ಎ ಸ್ವರವೊಂದನ್ನೇ ಪಟ್ಟು ಬಿಡದೆ ಬಡಿಯುತ್ತಿರುವಾಗ ಮೇಲೆ ಮೋಡ ಕವಿಯುತ್ತದೆ. ಪಟ್ಟಿಗಳನ್ನು ನೋಡಿ ಒತ್ತುವವರಿಗೆ ಈ ಎರಡೂ ಊರುಗಳ ದಾರಿ ಗೊತ್ತಿಲ್ಲ. ಆ್ಯಪುಗಳೂ ಅವರನ್ನು ಅಲ್ಲಿಗೆ ಕರೆದೊಯ್ಯುವ ಪಾಪಕ್ಕೆ ಹೋಗದೆ, ಮೊದಲ ಭಾಗದ ಸರಳರೂಪವೊಂದನ್ನು ಮುಗಿಸಿದ ಕೂಡಲೇ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳನ್ನು ಉದುರಿಸಿ, ನೀವು ಈ ಕೃತಿಯನ್ನು ಕರಗತ ಮಾಡಿಕೊಂಡಿದ್ದೀರಿ ಎಂದು ಘೋಷಿಸುತ್ತವೆ.

ಇಲ್ಲಿ ನಾವು ಒಬ್ಬ ಹಿರಿಯ ವಿದ್ಯಾರ್ಥಿಗೆ ಅನ್ಯಾಯ ಮಾಡುತ್ತಿದ್ದೇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳಿಗಾಗಿ ಅಲೆದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಯುಎಂ66 ಎಂಬ ಎಲೆಕ್ಟ್ರಾನಿಕ್ ಚಿಪ್ಪು ಗೊತ್ತು. ನೋಡಲು ಮೂರು ಕಾಲಿನ ಟ್ರಾನ್ಸಿಸ್ಟರಿನಂತಿರುವ, ಎರಡು ಪುಟ್ಟ ಶೆಲ್ಲು ಹಾಕಿದರೆ ಹಾಡುವ ಈ ಜೀವಿಯ ನೆನಪಿನ ಸಾಮರ್ಥ್ಯ 64 ಸ್ವರ. ಅದರಲ್ಲಿ ಟಿ19 ಎಂಬ ಸಂಖ್ಯೆಯದಕ್ಕೆ ಇದೇ ‘ಫ್ಯೂರ್ ಎಲಿಸೆ’ ಬಾಯಿಪಾಠವಾಗಿದೆ. ಕರೆಗಂಟೆ, ಶುಭಾಶಯ ಪತ್ರ, ಆಟಿಕೆ ಎಂದು ನಾನಾ ಅವತಾರಗಳಲ್ಲಿ ಇಂತಹ ಚಿಪ್ಪುಗಳು ಮನೆ ಹೊಕ್ಕವು. ಕೊನೆಗೆ ಕಾರುಗಳ ಹಿಂಬದಿಗೂ ಎಲಿಸೆ ಬಂದು ನೆಲೆಸಿದಳು. ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಕಾರೊಂದು ಹಿಂದಕ್ಕೆ ಸರಿಯುತ್ತ, ಸೈಕಲ್ಲು, ನಾಯಿ, ಸೊಪ್ಪಿನ ಗಾಡಿಗಳನ್ನು ಅದೇ ಸ್ವರಗಳಿಂದ ಎಚ್ಚರಿಸಿದ ದಿನಗಳನ್ನು ಮರೆಯುವುದು ಸುಲಭವಲ್ಲ. ನಮ್ಮ ಮಕ್ಕಳ ಒಂಬತ್ತು ಸ್ವರಗಳೆಲ್ಲಿ, ಚಿಪ್ಪಿನ 64 ಎಲ್ಲಿ? ಶ್ರುತಿ ತಪ್ಪುವುದಿಲ್ಲ, ನಡುವೆ ಸ್ವರ ಮರೆತು ಅಮ್ಮನ ಮುಖ ನೋಡುವುದಿಲ್ಲ, ಶುಲ್ಕವೋ ದರ್ಶಿನಿಯ ಕಾಫಿಯ ಆಸುಪಾಸಿನದು. ಪ್ರತಿಭೆಯನ್ನು ಗುರುತಿಸುವ ಪ್ರಾಮಾಣಿಕ ಮನಸ್ಸು ನಮಗಿದ್ದರೆ ಮೊದಲ ಪ್ರಮಾಣಪತ್ರ ಆ ಕಾರಿಗೆ ಸಲ್ಲಬೇಕು.

ಅದರ ಬದಲು ಕಾರಿನ ಮೇಲೆ ಕಾನೂನು ಮುಗಿಬಿದ್ದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮವು, ಒಂದರ ನಂತರ ಒಂದರಂತೆ ಬೇರೆಬೇರೆ ಸ್ವರಗಳನ್ನು ಹೊರಡಿಸುವ ಹಾರ್ನುಗಳನ್ನು ನಿಷೇಧಿಸುತ್ತದೆ. ಬೇರೆಬೇರೆ ಸ್ವರಗಳು ಒಂದರ ನಂತರ ಒಂದರಂತೆ ಹೊರಡುವುದನ್ನು ಸಂಗೀತಶಾಸ್ತ್ರ ಬೇರೇನೋ ಕರೆಯುತ್ತದೆ; ಸಾರಿಗೆ ಇಲಾಖೆಯ ಮಟ್ಟಿಗೆ ಅದು ದಂಡನಾರ್ಹ. ಆದರೆ ಈ ನಿಯಮ ಗಾಲಿಯಿರುವ ವಾದಕರಿಗೆ ಮಾತ್ರ ಅನ್ವಯಿಸುವುದರಿಂದ, ನಾಲ್ಕನೆಯ ಮಹಡಿಯ ಬಾಲ್ಕನಿಗೆ ಮುಖಮಾಡಿಟ್ಟ ಕೀಬೋರ್ಡಿನ ಬಗ್ಗೆ ಅದು ಮೌನ ವಹಿಸಿದೆ.

ತೈವಾನಿನವರು ನಮಗಿಂತ ಮುಂದಿದ್ದಾರೆ. ಅಲ್ಲಿ ಕಸದ ಲಾರಿಗಳೇ ‘ಫ್ಯೂರ್ ಎಲಿಸೆ’ ನುಡಿಸುತ್ತ ಬೀದಿಗೆ ಬರುತ್ತವೆ, ಜನ ಚೀಲ ಹಿಡಿದು ಓಡಿಬರುತ್ತಾರೆ. ಬೀಥೋವನ್‌ನನ್ನು ಕೇಳಿದ ತಕ್ಷಣ ಎದ್ದು ನಿಂತು ಕಾರ್ಯಪ್ರವೃತ್ತರಾಗುವ ಇಂತಹ ಶ್ರೋತೃವೃಂದ ವಿಯೆನ್ನಾದಲ್ಲೂ ಇರಲಾರದು.

ಇಷ್ಟಕ್ಕೂ ಬೀಥೋವನ್ ಈ ಕೃತಿಯನ್ನು ಯಾರ ತಲೆಗೂ ಕಟ್ಟಲು ಹೋಗಿರಲಿಲ್ಲ. 1810ರಲ್ಲಿ ಬರೆದದ್ದನ್ನು ಅವನು ಪ್ರಕಟಿಸಲೇ ಇಲ್ಲ, 1827ರಲ್ಲಿ ತೀರಿಕೊಂಡ. ನಲವತ್ತು ವರ್ಷಗಳ ಬಳಿಕ, 1867ರಲ್ಲಿ, ಲುಡ್ವಿಗ್ ನೋಲ್ ಎಂಬ ವಿದ್ವಾಂಸ ಮ್ಯೂನಿಕ್ಕಿನಲ್ಲಿ ತಾನು ಕಂಡ ಹಸ್ತಪ್ರತಿಯ ಆಧಾರದಿಂದ ಅದನ್ನು ಅಚ್ಚು ಹಾಕಿಸಿದ. ಆ ಹಸ್ತಪ್ರತಿ ಆಮೇಲೆ ಕಾಣೆಯಾಯಿತು. ಎಲಿಸೆ ಎಂದರೆ ಯಾರೆಂದು ಪಂಡಿತರು ಇಂದಿಗೂ ಕಾದಾಡುತ್ತಿದ್ದಾರೆ: ನೋಲ್ ಕೈಬರಹವನ್ನು ತಪ್ಪಾಗಿ ಓದಿದ, ಅವಳು ಥೆರೆಸೆ ಮಾಲ್ಫಾಟಿ ಎಂದು ಒಂದು ಪಕ್ಷ, ಅಲ್ಲ, ಎಲಿಸಾಬೆತ್ ರೋಕೆಲ್ ಎಂದು ಇನ್ನೊಂದು ಪಕ್ಷ. ಯಾವಳೇ ಆಗಿರಲಿ, ತನಗೆಂದು ಬರೆದದ್ದು ಒಂದು ದಿನ ಮಾರುತಿ ಕಾರಿನ ಹಿಂಭಾಗದಿಂದ ಕೇಳಿಬರುತ್ತದೆಂದು ಗೊತ್ತಿದ್ದರೆ ಹೆಸರು ಬದಲಾಯಿಸಿಕೊಂಡಿರುತ್ತಿದ್ದಳು.

ನಮ್ಮಲ್ಲಿ ಬೇರೊಂದು ಪದ್ಧತಿ ಇತ್ತು, ಈಗಲೂ ಕೆಲವು ಮನೆಗಳಲ್ಲಿದೆ. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಆ ಕ್ರಮದಲ್ಲಿ ಮಾಯಾಮಾಳವಗೌಳ ರಾಗದ ಸರಳೆವರಸೆಯನ್ನು ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಹಾಡಬೇಕು, ಆಮೇಲೆ ಜಂಟಿವರಸೆ, ಆಮೇಲೆ ಅಲಂಕಾರ; ಇಷ್ಟೆಲ್ಲ ದಾಟಿದವರಿಗೆ ಮಲಹರಿ ರಾಗದಲ್ಲೊಂದು ಪುಟ್ಟ ಗೀತೆ. ನೆಂಟರ ಮುಂದೆ ಹಾಡಿಸಬಹುದಾದ ಮೊದಲ ಸರಕು ಕೈಗೆ ಬರುವಷ್ಟರಲ್ಲಿ ನೆಂಟರು ಊರಿಗೆ ಹೋಗಿಬಿಟ್ಟಿರುತ್ತಾರೆ. ಇದು ಮಾರುಕಟ್ಟೆಗೆ ಒಗ್ಗುವ ಪದ್ಧತಿಯಲ್ಲವೆಂಬುದನ್ನು ಒಪ್ಪಲೇಬೇಕು. ಸ್ವಾರಸ್ಯವೆಂದರೆ, ಅದೇ ಮನೆಯಲ್ಲಿ ಬೆಳಗ್ಗೆ ಮೊಮ್ಮಗಳ ಸರಳೆಯಲ್ಲಿ ಶುದ್ಧ ರಿಷಭ ಒಂದು ಎಳೆ ಮೇಲಾಯಿತೆಂದು ತೊಡೆ ತಟ್ಟಿ ನಿಲ್ಲಿಸುವ ಅಜ್ಜಿ, ಸಂಜೆ ಅದೇ ಮಗು ಡಿ ಶಾರ್ಪಿನ ಬದಲು ಡಿ ಒತ್ತಿದಾಗ ಅದು ಇಂಗ್ಲಿಷ್ ಸಂಗೀತ, ಹಾಗೆಯೇ ಇರುತ್ತದೆ ಎಂದು ಉದಾರವಾಗಿ ತಲೆದೂಗುತ್ತಾರೆ.

ವಸತಿ ಸಮುಚ್ಚಯಗಳ ವಾರ್ಷಿಕೋತ್ಸವದ ದಿನ ಈ ಔದಾರ್ಯ ಶಿಖರ ಮುಟ್ಟುತ್ತದೆ. ನಿರೂಪಕರು ಪ್ರತಿ ಮಗುವನ್ನೂ ಬಾಲ ಪ್ರತಿಭೆಯೆಂದು ಕರೆಯುತ್ತಾರೆ, ಪ್ರತಿ ಮಗುವೂ ಬಂದು ಅದೇ ಒಂಬತ್ತು ಸ್ವರಗಳನ್ನು ನುಡಿಸಿ ನಮಸ್ಕರಿಸುತ್ತದೆ, ಮತ್ತು ಸಭಿಕರು ಪ್ರತಿ ಸಲವೂ ಮೊದಲ ಬಾರಿಗೆ ಕೇಳುತ್ತಿರುವವರಂತೆ ಬೆರಗಾಗುತ್ತಾರೆ. ಕೀಲಿಗಳ ಮೇಲೆ ಅಕ್ಷರದ ಸ್ಟಿಕ್ಕರುಗಳು ಅಂಟಿಕೊಂಡೇ ಇರುತ್ತವೆ. ಹಿಂದಿನ ಸರದಿಯಲ್ಲಿ ಅಲ್ಲಿ ಕುಳಿತಿದ್ದ ತುಂಟನೊಬ್ಬ ಇ ಮತ್ತು ಬಿ ಸ್ಟಿಕ್ಕರುಗಳನ್ನು ಅದಲುಬದಲು ಮಾಡಿಟ್ಟರೆ ಮರುಕ್ಷಣ ಎಲಿಸೆ ಜಲತರಂಗಕ್ಕೆ ತಿರುಗುತ್ತಾಳೆ, ಚಪ್ಪಾಳೆಗೆ ಮಾತ್ರ ಕುಂದಿಲ್ಲ.

ಮುಂದಿನ ಪರೀಕ್ಷಾಕಾಲಕ್ಕೆ ಕೀಬೋರ್ಡು ಮಂಚದ ಕೆಳಗೆ ಸೇರಿ, ಬೇಸಿಗೆಗೆ ಹಳೆಯ ಸಾಮಾನುಗಳ ಪಟ್ಟಿಯಲ್ಲಿ ಪ್ರತ್ಯಕ್ಷವಾಗುತ್ತದೆ: 61 ಕೀಲಿ, ಅಡಾಪ್ಟರ್ ಉಂಟು, ಸ್ಟ್ಯಾಂಡ್ ಉಂಟು, ಹೆಚ್ಚು ಬಳಸಿಲ್ಲ. ಮಾರುವವರು ಇನ್ನಷ್ಟು ನಿಖರವಾಗಿದ್ದರೆ ಒಳ್ಳೆಯ ಬೆಲೆ ಬಂದೀತು. ಬಲಭಾಗದ ಆರು ಕೀಲಿಗಳು ಕೊಂಚ ಸವೆದಿವೆ, ಎಡಭಾಗದ ಎರಡು ಸಪ್ತಕಗಳನ್ನು ಇಂದಿನವರೆಗೆ ಯಾರೂ ಮುಟ್ಟಿಲ್ಲ ಎಂದು ಅವರು ಧಾರಾಳವಾಗಿ ಬರೆಯಬಹುದು.