ಸತ್ಯಾಂಶ: ಯುದ್ಧ ಆದ್ರೆ ಎಲ್ರೂ ಯುರೋಪಿಗೆ ಹೋಗ್ತಾರಾ?

ಯುದ್ಧ ಶುರುವಾದ್ರೆ ಸಾಕು ಜನ ಎಲ್ಲ ಯುರೋಪಿಗೆ ನುಗ್ತಾರೆ ಅನ್ನೋ ಫಾರ್ವರ್ಡು, ಜತೆಗೆ ಜನ ಕಿಕ್ಕಿರಿದ ಒಂದು ಹಡಗಿನ ಫೋಟೋ, ವರ್ಷಗಳಿಂದ ಸುತ್ತುತ್ತಾನೇ ಇದೆ. ಫೋಟೋ ನಿಜಾನೇ, ಆದ್ರೆ 1991ರದ್ದು, ಅಲ್ಬೇನಿಯಾದಿಂದ ಇಟಲಿಯ 'ಬಾರಿ' ಅನ್ನೋ ಬಂದರಿಗೆ ಬಂದಿದ್ದ ಹಡಗು ಅದು. ನೋಡಿದ್ರೆ ಯಾರಿಗಾದ್ರೂ ಗಾಬರಿ ಆಗುತ್ತೆ, ಕಳಿಸಿದೋರ್ನ ಬೈದು ಪ್ರಯೋಜನ ಇಲ್ಲ.

ಎಲ್ರೂ ಯುರೋಪಿಗೆ ನುಗ್ತಾರೆ ಅನ್ನೋ ಮಾತೂ ತಪ್ಪೇ. ಸುಡಾನ್ ನೋಡಿ (ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಾಕ್ಕೊಂಡು ವಾಪಸ್ ಬಂದ್ರಲ್ಲ, ಅದೇ). 2023ರ ಏಪ್ರಿಲ್‌ನಲ್ಲಿ ಯುದ್ಧ ಹತ್ಕೊಂಡ್ಮೇಲೆ ಮನೆ ಬಿಟ್ಟೋರು ಒಂದು ಕೋಟಿಗೂ ಜಾಸ್ತಿ, ಅದ್ರಲ್ಲಿ ಹೆಚ್ಚಿನೋರು ದೇಶದೊಳಗೇ ಬೇರೆ ಊರಿಗೆ ಹೋದೋರು, ಗಡಿ ದಾಟಿದೋರಲ್ಲೂ ಬಹುಪಾಲು ಪಕ್ಕದ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್‌ಗೆ, ಚಾಡ್ ಅಂತೂ ತಾನೇ ಕಡುಬಡ ದೇಶ. ಹಾಗೆ ಮನೆ ಬಿಟ್ಟು ದೇಶದೊಳಗೇ ಉಳಿದೋರು ಇದ್ದ, ಸುಡಾನ್‌ನ ಪಶ್ಚಿಮ ಭಾಗದ ಡಾರ್ಫರ್‌ನ ಜಮ್ಜಮ್ ಶಿಬಿರದಲ್ಲಿ 2024ರಲ್ಲಿ ಕ್ಷಾಮ ಇದೆ ಅಂತ ತಜ್ಞರೇ ಖಚಿತಪಡಿಸಿದ್ರು. ಎಷ್ಟೋ ಕಡೆ ಹೊಟ್ಟೆ ತುಂಬಿಸಿದ್ದು 'ತಕಾಯ' ಅಂತ ಅಲ್ಲಿನ ಜನಾನೇ ನಡೆಸೋ ಸಮುದಾಯದ ಅಡುಗೆಮನೆಗಳು.

ನೀವೇ ಚೆಕ್ ಮಾಡ್ಬೇಕಾ? ಫೋಟೋನ ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಯಾವ ವರ್ಷ ಬಂದಿತ್ತು ನೋಡಿ. ಮೆಸೇಜಲ್ಲಿ ದೇಶ, ತಾರೀಖು ಇಲ್ದಿದ್ರೆ ಅಲ್ಲೇ ನಿಲ್ಲಿಸಿ. ಅಂಕಿ ಇದ್ರೆ ದೇಶದೊಳಗೆ ಉಳಿದೋರು ಎಷ್ಟು, ಗಡಿ ದಾಟಿದೋರು ಎಷ್ಟು ಅಂತ ಬೇರೆಬೇರೆಯಾಗಿ ಹುಡುಕಿ, ನಿರಾಶ್ರಿತರ ಲೆಕ್ಕ ಇಡೋ ಸಂಸ್ಥೆಗಳು ಇವೆರಡನ್ನೂ ಬೇರೆಬೇರೆನೇ ಹಾಕ್ತಾವೆ.