ಗ್ಲಾಸು ಒಡೆದದ್ದು ಯಾರು?

ಭಾನುವಾರ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದೆ. ಕಿವಿಯಲ್ಲಿ ಹಾಟ್ ಟ್ಯೂನಾ ಎಂಬ ಅಮೆರಿಕದ ಬ್ಲೂಸ್ ತಂಡದ ಮೊದಲ ಆಲ್ಬಂ. ಫಳಾರನೆ ಗ್ಲಾಸು ಒಡೆದ ಸದ್ದು! "ಯಾರೂ ಬರಿಗಾಲಲ್ಲಿ ಬರಬೇಡಿ" ಅಂತ ಕೂಗುತ್ತಾ, ಪೊರಕೆ ಹಿಡಿದು ಅಡುಗೆಮನೆಗೆ ಓಡಿದೆ. ಹೆಂಡತಿ ಕೊತ್ತಂಬರಿ ಬಿಡಿಸುತ್ತಿದ್ದಳು. ಪೊರಕೆ ನೋಡಿ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ ಅನ್ನುವ ಹಾಗೆ ನನ್ನ ಮುಖ ನೋಡಿದಳು. ಆಮೇಲೆ, "ನಮ್ಮನೇಲಿ ಇರೋದೆಲ್ಲಾ ಸ್ಟೀಲ್ ಲೋಟ, ಒಡೆಯೋಕೆ ಏನಿದೆ?" ಎಂದಳು.

ಹೌದಲ್ವಾ! ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಬಂದು ಹಾಡನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಮತ್ತೆ ಒಡೆಯಿತು. ಇನ್ನೊಂದು ಸಲ ಸರಿಸಿದೆ. ಅದೇ ಜಾಗದಲ್ಲಿ ಫಳಾರ್.

ಆ ಗ್ಲಾಸು ಒಡೆದದ್ದು 1969ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ನ್ಯೂ ಆರ್ಲಿಯನ್ಸ್ ಹೌಸ್ ಎಂಬ ಪುಟ್ಟ ಕ್ಲಬ್. ಗಿಟಾರ್ ಹಿಡಿದು ಹಾಡುತ್ತಿದ್ದವನು ಯೋರ್ಮಾ ಕೌಕೊನೆನ್. ಜೊತೆಗೆ ಬೇಸ್ ಗಿಟಾರಿನ ಜಾಕ್ ಕ್ಯಾಸಡಿ, ಹಾರ್ಮೋನಿಕಾದ ವಿಲ್ ಸ್ಕಾರ್ಲೆಟ್. ಡ್ರಮ್ಸ್ ಇಲ್ಲವೇ ಇಲ್ಲ. ಹಿಂದಿನ ತಿಂಗಳಷ್ಟೇ ಯೋರ್ಮಾ, ಜಾಕ್ ಇಬ್ಬರೂ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ತಮ್ಮ ಜೆಫರ್ಸನ್ ಏರ್‌ಪ್ಲೇನ್ ಎಂಬ ರಾಕ್ ತಂಡದ ಜೊತೆ ಲಕ್ಷಗಟ್ಟಲೆ ಜನರ ಮುಂದೆ ಅಬ್ಬರಿಸಿ ಬಂದಿದ್ದರು. ಇಲ್ಲಿ ನೋಡಿದರೆ ಯಾರೋ ಒಬ್ಬರ ಬಿಯರ್ ಗ್ಲಾಸು ಬಿದ್ದರೂ ಟೇಪಿನಲ್ಲಿ ಕೂರುತ್ತದೆ. 1970ರಲ್ಲಿ ಆಲ್ಬಂ ಬಂದಾಗ ಆ ಸದ್ದನ್ನು ತೆಗೆಯಲಿಲ್ಲ. ಅಭಿಮಾನಿಗಳು ಅದಕ್ಕೆ 'ಗ್ಲಾಸು ಒಡೆದ ಆಲ್ಬಂ' ಅಂತಲೇ ಹೆಸರಿಟ್ಟುಬಿಟ್ಟರು.

ಯೋರ್ಮಾನ ಹಣೆಬರಹವೇ ಹಾಗೆ. 1964ರಲ್ಲಿ ಅವನ ಮನೆಯಲ್ಲೇ ಗಾಯಕಿ ಜಾನಿಸ್ ಜಾಪ್ಲಿನ್ ಹಾಡಿದ್ದಳು, ಇವನು ಗಿಟಾರ್ ನುಡಿಸಿದ್ದ. ಆ ರೆಕಾರ್ಡಿಂಗಿನ ಹಿನ್ನೆಲೆಯಲ್ಲಿ ಅವನ ಹೆಂಡತಿ ತನ್ನ ಪಾಡಿಗೆ ತಾನು ಟೈಪ್ ಮಾಡುತ್ತಾ ಕೂತಿದ್ದಾಳೆ. ಟಕಟಕ ಟಕಟಕ. ಅದಕ್ಕೂ 'ಟೈಪ್‌ರೈಟರ್ ಟೇಪ್' ಅಂತ ಹೆಸರು. ಗಂಡ ಗಿಟಾರ್ ಹಿಡಿದಾಗಲೇ ಹೆಂಡತಿಗೆ ಕೆಲಸ ನೆನಪಾಗುವುದು ಎಲ್ಲ ದೇಶಗಳಲ್ಲೂ ಇದೆ ಅಂತಾಯಿತು.

ಇದನ್ನೆಲ್ಲಾ ತಿಳಿದ ಮೇಲೆ ನನಗೂ ಧೈರ್ಯ ಬಂತು. ನಾನೂ ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಯೋರ್ಮಾನ ಗಿಟಾರ್ ಶೈಲಿಯ ಕಷ್ಟ ಏನೆಂದರೆ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮ ತಾಳ ಹಾಕಬೇಕು, ಉಳಿದ ಬೆರಳು ಸಣ್ಣ ತಂತಿಗಳ ಮೇಲೆ ರಾಗ ನುಡಿಸಬೇಕು. ಯೋರ್ಮಾಗೆ ಆದರ್ಶವಾಗಿದ್ದ ಕುರುಡು ಗಾಯಕ ರೆವರೆಂಡ್ ಗ್ಯಾರಿ ಡೇವಿಸ್ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಇದನ್ನೆಲ್ಲಾ ಮುಗಿಸುತ್ತಿದ್ದರು. ನನಗೆ ಐದು ಬೆರಳಿದ್ದೂ ಎತ್ತು ಏರಿಗೆ, ಕೋಣ ನೀರಿಗೆ.

ಮೊಬೈಲನ್ನು ಡಬ್ಬಿಗೆ ಒರಗಿಸಿ ಶುರು ಮಾಡಿದೆ. ಮೊದಲ ಸಲ ಹಳೇ ಪೇಪರಿನವನು ಬಂದ. ಎರಡನೇ ಸಲ ಮಗ ಲೋಟ ಬೀಳಿಸಿದ. ಗ್ಲಾಸಾದರೆ ಒಂದೇ ಕ್ಷಣಕ್ಕೆ ಪ್ರಾಣ ಬಿಡುತ್ತದೆ. ಸ್ಟೀಲ್ ಲೋಟ ಹಾಗಲ್ಲ. ಠಣ್ ಅಂದು, ಸುತ್ತಿ, ಉರುಳಿ, ನಿಂತಿತು ಅಂದುಕೊಂಡಾಗ ಇನ್ನೊಮ್ಮೆ ಠಣ್ ಅನ್ನುತ್ತದೆ. ಮೂರನೇ ಸಲ ಎಲ್ಲಾ ಸರಿಯಾಗಿತ್ತು, ಕುಕ್ಕರ್ ಕೂಗುವವರೆಗೆ. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ತಡೆಯಲಾರದೆ ಗಿಟಾರ್ ಕೊರಳಲ್ಲಿ ಹಾಕಿಕೊಂಡೇ ಓಡಿ ಒಲೆ ಆರಿಸಿದೆ. ವಾಪಸ್ ಬಂದು ಬಾಕಿ ನುಡಿಸಿದೆ.

ಗ್ಲಾಸಿನ ಸದ್ದನ್ನೇ ಉಳಿಸಿಕೊಂಡರಲ್ಲ, ವಿಸಿಲ್ ಯಾಕೆ ತೆಗೆಯಲಿ ಅಂತ ಹಾಗೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಗಿಟಾರಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಅತ್ತೆಯ ಮೆಸೇಜ್ ಬಂತು: "ಮೂರೇ ವಿಸಿಲ್ ಕೇಳಿಸ್ತು. ಆ ಕುಕ್ಕರಿಗೆ ಐದು ಬೇಕು."

ರಾತ್ರಿ ಸಾರಿನಲ್ಲಿ ಬೇಳೆ ಹಲ್ಲಿಗೆ ಸಿಕ್ಕಿತು. ಹೆಂಡತಿ ಏನೂ ಹೇಳಲಿಲ್ಲ. ಅತ್ತೆಯ ಮೆಸೇಜಿಗೆ ಒಂದು ಹೆಬ್ಬೆರಳು ಒತ್ತಿದಳು, ಅಷ್ಟೇ.